ಮಂಟಪ ಬಿದ್ದ ದಿನ ನಾನು ಗರ್ಭಗುಡಿಯಲ್ಲಿದ್ದೆ

ನನ್ನ ಬಾಯಿ ಮೊದಲಿನಿಂದಲೂ ಜೋರು. ಸೇಡಂಗೆ ಸೊಸೆಯಾಗಿ ಬಂದ ಮೇಲೆ ಆ ಬಾಯಿಗೆ ಬೀಗ ಬಿತ್ತು. ಮಾವನವರು ಗುಡಿಯ ಪೂಜಾರಿಗಳು. ಅತ್ತೆ ತೀರಿಹೋಗಿದ್ದರು, ಗಂಡ ವಾಡಿ ಸ್ಟೇಶನ್ನಿನಲ್ಲಿ ಗುಮಾಸ್ತ, ತಿಂಗಳಿಗೊಮ್ಮೆ ಬರುವವರು. ಮನೆಯಲ್ಲಿ ಉಳಿದವರು ನಾವಿಬ್ಬರೇ. ಸೊಸೆ ಮಾವನ ಎದುರು ನಿಂತು ಮಾತಾಡುವ ಹಾಗಿಲ್ಲ. ಅವರು ಅಡಿಗೆಮನೆಯ ಬಾಗಿಲಿಗೆ ಬೆನ್ನು ಮಾಡಿ ಕಂಬಕ್ಕೆ ಹೇಳುವರು, ನಾನು ಬಾಗಿಲ ಮರೆಯಿಂದ ಬಳೆ ಅಲ್ಲಾಡಿಸುವೆ. ಒಂದು ಸಲ ಸಪ್ಪಳವಾದರೆ ಹೂಂ, ಎರಡು ಸಲವಾದರೆ ಊಹೂಂ.

ತುಫಾನು ಬಂದದ್ದು ತೊಗರಿ ಹೂಬಿಟ್ಟಾಗ. ಎರಡು ದಿನ ಜಿಟಿಜಿಟಿ ಮಳೆ ಇತ್ತು. ಮೂರನೆಯ ದಿನ ಮಧ್ಯಾಹ್ನ ನಾನು ನೈವೇದ್ಯದ ತಟ್ಟೆ ಹಿಡಿದು ಗುಡಿಗೆ ಹೋದಾಗ ಗಾಳಿ ಎದ್ದಿತು. ಅಂಥ ಗಾಳಿಯನ್ನು ನಾನು ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಅಂಗಳದ ಅರಳಿಮರ ಬೇರುಸಹಿತ ಕಿತ್ತುಬಂದು ಮಂಟಪದ ಮೇಲೆ ಬಿತ್ತು. ನೂರಾರು ವರ್ಷ ನಿಂತಿದ್ದ ಕಂಬಗಳು ಒಂದರ ಮೇಲೊಂದು ಉರುಳಿ, ಹೊರಗೆ ಹೋಗುವ ದಾರಿ ಮುಚ್ಚಿಹೋಯಿತು. ನಾನಿದ್ದದ್ದು ಗರ್ಭಗುಡಿಯ ಮುಂದಿನ ಸಣ್ಣ ಅಂಕಣದಲ್ಲಿ. ಹೆಂಗಸರು ಬರಬಹುದಾದದ್ದು ಅಲ್ಲಿಯವರೆಗೆ ಮಾತ್ರ. ಅಲ್ಲಿಯೂ ಚಾವಣಿಯ ಚಪ್ಪಡಿ ಸಡಿಲಾಗಿ ಚೂರುಚೂರು ಉದುರತೊಡಗಿತು.

"ಒಳಗ ಬಾ," ಅಂದರು ಗರ್ಭಗುಡಿಯಲ್ಲಿದ್ದ ಮಾವನವರು.

ನಾನು ಅಲ್ಲಾಡಲಿಲ್ಲ. ಹೊಸ್ತಿಲು ದಾಟುವುದಕ್ಕಿಂತ ಸಾಯುವುದೇ ಲೇಸು ಅನ್ನಿಸಿತ್ತು. ಅವರು ನನ್ನ ತೋಳು ಹಿಡಿದು ದರದರ ಎಳೆದುಕೊಂಡರು. ಹಿಂದೆಯೇ ಚಪ್ಪಡಿ ಬಿತ್ತು, ದೀಪ ಆರಿತು.

ಕತ್ತಲೆಂದರೆ ಕಣ್ಣಿಗೆ ಬೆರಳು ಚುಚ್ಚಿದರೂ ಕಾಣದ ಕತ್ತಲೆ. ಪಾದ ಮುಳುಗುವಷ್ಟು ನೀರು, ಬಾವಲಿ ವಾಸನೆ, ನನ್ನ ಉಸಿರು, ಅವರ ಉಸಿರು. ಮಾವನ ಮೈಗೆ ಮೈ ತಾಗಬಾರದೆಂದು ಗೋಡೆಗೆ ಅಂಟಿಕೊಂಡು ಸರಿದೆ. ಕಾಲು ಜಾರಿತು. ಬೀಳುವಾಗ ಕೈಗೆ ಸಿಕ್ಕಿದ್ದನ್ನು ಹಿಡಿದೆ. ಸಿಕ್ಕಿದ್ದು ದೇವರ ಮೇಲೆತ್ತಿದ ಬಲಗೈಯಲ್ಲಿದ್ದ ಚಕ್ರ. ಅದು ಲಟಕ್ಕನೆ ಮುರಿದು ನನ್ನ ಕೈಯಲ್ಲೇ ಉಳಿಯಿತು.

"ಏನಾತವ್ವಾ?"

"ಮ್ಯಾಲಿಂದ ಏನೋ ಬಿತ್ತ್ರಿ," ಅಂದೆ.

ಮದುವೆಯಾಗಿ ಮೂರು ವರ್ಷಕ್ಕೆ ಮಾವನಿಗೆ ನಾನು ನೇರವಾಗಿ ಆಡಿದ ಮೊದಲ ಮಾತು ಅದು. ಶುದ್ಧ ಸುಳ್ಳು. ಚಕ್ರವನ್ನು ಮೆಲ್ಲಗೆ ನೀರಿಗೆ ಬಿಟ್ಟೆ. ಹೊತ್ತು ಮುಳುಗುವ ಮುಂಚೆ ಹೊರಗೆ ಹಾರೆಗಳ ಸಪ್ಪಳ ಕೇಳಿಸಿತು. "ಹೊಸ್ತಿಲ ಹೊರಗ ಹೋಗಿ ನಿಂದ್ರು," ಅಂದರು. ನಿಂತೆ. ಕಲ್ಲು ಸರಿಸಿದವರಿಗೆ ನಾನು ಕಂಡದ್ದು ಅಲ್ಲಿಯೇ.

ಹೊರಗೆ ಬಂದು ನೋಡಿದರೆ ಊರು ಗುರುತು ಸಿಗಲಿಲ್ಲ. ಗಢಿ ಕೋಟೆಯ ಬುರುಜು ಕುಸಿದಿತ್ತು. ಮಂಟಪದ ನೆರಳಲ್ಲಿ ಕೂತು ಬಳೆ ಮಾರುತ್ತಿದ್ದ ಮುದುಕಿಯ ಸರಕೆಲ್ಲ ಕಲ್ಲಿನಡಿ ಪುಡಿಯಾಗಿತ್ತು. ದೇವರಿಗೆ ಹೂ ಕೊಡುವವರ ತೋಟದಲ್ಲಿ ಒಂದು ಗಿಡ ನಿಂತಿರಲಿಲ್ಲ, ದೀಪಕ್ಕೆ ಎಣ್ಣೆ ಕೊಡುವವರ ಗಾಣದ ಮೇಲೆ ಗೋಡೆ ಬಿದ್ದಿತ್ತು. ಮಂಟಪ ಮತ್ತೆ ಕಟ್ಟಲು ಶಹಾಬಾದದಿಂದ ಕಲ್ಲು ತರಿಸೋಣವೆಂದರೆ ಅಲ್ಲಿಯ ಖಣಿಗಳೆಲ್ಲ ಕೆರೆಯಾಗಿ, ಕಲ್ಲು ಒಡೆಯುವವರೇ ಕೂಲಿಯಿಲ್ಲದೆ ಕೂತಿದ್ದರು. ಇದ್ದದ್ದೊಂದೇ ಸಮಾಧಾನ: ಗರ್ಭಗುಡಿ ಉಳಿಯಿತು, ದೇವರಿಗೆ ಏನೂ ಆಗಲಿಲ್ಲ ಎಂದು ಊರಿಗೆ ಊರೇ ಕೈಮುಗಿಯುತ್ತಿತ್ತು.

ಮರುದಿನ ಮಾವನವರು ಕಂಬಕ್ಕೆ ಹೇಳಿದರು: "ಮೂರ್ತಿ ಭಿನ್ನ ಆಗ್ಯದ. ಈ ಮಾತು ಮನೀ ದಾಟಬಾರದು."

ಭಿನ್ನವಾದ ಮೂರ್ತಿಗೆ ಪೂಜೆಯಿಲ್ಲ, ನೀರಿಗೆ ಬಿಡಬೇಕು. ಅದು ನನಗೂ ಗೊತ್ತಿತ್ತು. ಅವರು ದೇವರ ಬಲಗೈಗೆ ರೇಷ್ಮೆ ಸುತ್ತಿ, ಮೇಲೆ ಗಂಧ ಮೆತ್ತಿ, ಹೂವಿನಲ್ಲಿ ಮುಚ್ಚಿ ದಿನಾ ಪೂಜೆ ನಡೆಸಿದರು. ತಾವು ಮಾತ್ರ ತೀರ್ಥ ತೆಗೆದುಕೊಳ್ಳುವುದನ್ನು ಬಿಟ್ಟರು. ಪೂಜೆ ನಿಂತರೆ ಇನಾಮಿನ ಹೊಲ ಹೋಗುತ್ತದೆ, ಹೊಲದ ಆಸೆ, ಮತ್ತೇನು ಅಂದುಕೊಂಡೆ ನಾನು. ತಪ್ಪು ನನ್ನದು, ಸಿಟ್ಟು ಅವರ ಮೇಲೆ! ಹೀಗೇ ನಾಲ್ಕು ವರ್ಷ. ಯಾರಾದರೂ ಗರ್ಭಗುಡಿಯತ್ತ ಕತ್ತು ಚಾಚಿದರೆ ನಾನು ಏನಾದರೊಂದು ನೆವ ಮಾಡಿ ಅಡ್ಡ ಹೋಗಿ ನಿಲ್ಲುತ್ತಿದ್ದೆ. ತವರಿಗೆ ಹೋದರೂ ನಿದ್ದೆ ಬರುತ್ತಿರಲಿಲ್ಲ, ಎಲ್ಲಿ ಬಾಯಿ ತಪ್ಪೀತೋ ಎಂದು. ಆ ಕತ್ತಲ ಕೋಣೆಯಿಂದ ನಾನು ಹೊರಗೆ ಬಂದೇ ಇರಲಿಲ್ಲ. ಉರಿ ತಡೆಯದಾದಾಗ ರೊಟ್ಟಿ ಬಡಿಯುತ್ತ, "ಕೆಲವರಿಗೆ ದೇವರಕಿಂತ ಹೊಲ ದೊಡ್ಡದು," ಎಂದು ಅವರಿಗೆ ಕೇಳುವ ಹಾಗೆ ಒಲೆಗೆ ಹೇಳುತ್ತಿದ್ದೆ.

ಕೊನೆಗೆ ಕಲ್ಲು ಬಂತು, ಮಂಟಪ ಎದ್ದಿತು. ಪುನಃಪ್ರತಿಷ್ಠೆಗೆ ಹೊರಗಿನ ಶಾಸ್ತ್ರಿಗಳು ಬಂದು ಎಲ್ಲರೆದುರು ದೇವರ ವಸ್ತ್ರ ಕಳಚಿ ಅಭಿಷೇಕ ಮಾಡುವುದೆಂದು ಹಿರಿಯರು ತೀರ್ಮಾನಿಸಿದರು. ಅಂದೇ ಮಾವನವರು ಹಿರಿಯರ ಮುಂದೆ ಹೋಗಿ ಕೈಕಟ್ಟಿ ನಿಂತರಂತೆ. "ನನ್ನ ಕೈ ತಾಗಿ ಚಕ್ರ ಮುರೀತು. ಹೊಲದ ಆಸೀಗೆ ಮುಚ್ಚಿಟ್ಟೆ," ಅಂದರಂತೆ. ಪೂಜೆ ಹೋಯಿತು, ಹೊಲ ಹೋಯಿತು. ಭಿನ್ನ ಮೂರ್ತಿಯ ತೀರ್ಥ ಕುಡಿಸಿದವನೆಂದು ಜನ ಮುಖಕ್ಕೆ ಉಗಿಯುವುದೊಂದು ಬಾಕಿ.

ಅವರು ಮನೆಗೆ ಬಂದು ಕೂತಾಗ ನಾನು ಬಾಗಿಲ ಮರೆ ಬಿಟ್ಟು ಎದುರಿಗೇ ಬಂದು ನಿಂತೆ.

"ನನ್ನ ಕೈಯಾಗ ಮುರದದ್ರಿ ಮಾವಾರ, ನಿಮ್ಮ ಕೈಯಾಗ ಅಲ್ಲ."

"ಗೊತ್ತದವ್ವಾ," ಅಂದರು. ತಲೆ ಎತ್ತಲಿಲ್ಲ. "ಗರ್ಭಗುಡಿ ಮ್ಯಾಲಿಂದ ಕಲ್ಲಿನ ಒಂದು ಹಳಕೂ ಬಿದ್ದಿಲ್ಲ. ನೋಡಿದವರು ಮೊದಲು ಅದನ್ನೇ ಕೇಳತಿದ್ರು, ಹ್ಯಾಂಗ ಮುರೀತು, ಒಳಗ ಯಾರಿದ್ರು ಅಂತ. ನಿನ್ನ ಹೆಸರು ಬಂದಿದ್ರ ನಿನ್ನ ಬಾಳೇ ಹೋಗತಿತ್ತು."

ನನಗೆ ಅಳು ಉಕ್ಕಿ ಬಂತು. "ಈಗರೆ ಹೋಗಿ ಖರೆ ಹೇಳ್ತೀನ್ರಿ."

"ಬ್ಯಾಡ. ನಾ ಸುಳ್ಳು ಹೇಳಿದ್ದೂ ದಂಡ ಆಗ್ತದ. ಒಳಗ ಹೋಗು."

ಒಳಗೆ ಹೋದೆ. ಹೋಗಬಾರದಿತ್ತು. ಎರಡು ವರ್ಷದ ಮೇಲೆ ಅವರು ತೀರಿಕೊಂಡರು. ಹೆಣಕ್ಕೆ ಹೆಗಲು ಕೊಡಲು ಇಡೀ ಸೇಡಂನಿಂದ ಮೂವರು ಬಂದರು. ಗಂಡ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆಯಬೇಕು, ನಾಲ್ಕನೆಯ ಹೆಗಲಿಗಾಗಿ ಮಧ್ಯಾಹ್ನದವರೆಗೆ ಕಾದೆವು. ಅಂಗಳದಲ್ಲಿ ಜನ ದೂರ ನಿಂತು ನೋಡುತ್ತಿದ್ದರು, ಒಂದು ಮಾತು ಹೇಳಿದ್ದರೆ ಸಾಕಿತ್ತು. ಆಗಲೂ ನಾನು ಬಾಯಿ ಬಿಡಲಿಲ್ಲ.