ಮಾವನ ಮಾತಿಗೂ ಬಗ್ಗದ ಗೇಟ್‌ಪಾಸ್

ಊರೂರು ತಿರುಗಿ ಕಂಪನಿಗಳಿಗೆ ಕಂಪ್ಯೂಟರ್ ವ್ಯವಸ್ಥೆ ಕೂರಿಸುವುದು ನನ್ನ ಕೆಲಸ. ಹೈದರಾಬಾದಿಗೆ ಐಟಿ ಹುಚ್ಚು ಹಿಡಿದಿದ್ದ ಆ ದಿನಗಳಲ್ಲಿ ಪಟಾನ್‌ಚೆರುವಿನ ಒಂದು ಔಷಧ ಕಾರ್ಖಾನೆಗೆ ಹೋಗಿದ್ದೆ. ಗೋದಾಮು ನೋಡಿಕೊಳ್ಳುತ್ತಿದ್ದವರು ಬೀದರಿನ ಶಿವಣ್ಣ. ಮಾರಾಟ ವಿಭಾಗದ ಮುಖ್ಯಸ್ಥರು ಅವರ ಸೋದರಮಾವ. ಶಿವಣ್ಣನಿಗೆ ಅಲ್ಲಿ ಕೆಲಸ ಕೊಡಿಸಿದವರೂ ಆ ಮಾವನೇ.

ಲಾರಿ ಹೊರಡಲು ನಿಂತಿತ್ತು. ಲ್ಯಾಬಿನ ಒಪ್ಪಿಗೆ ಬಾರದ ಮಾತ್ರೆಗಳಿಗೆ ನಾನು ಕೂರಿಸಿದ ಹೊಸ ಕಂಪ್ಯೂಟರ್ ಗೇಟ್‌ಪಾಸ್ ಕೊಡಲೊಲ್ಲದು.

"ಏ ಶಿವ್ಯಾ, ಯಾವಾಗಿನಂಗ ಕಳಸೋ. ಲ್ಯಾಬ್ ವರದಿ ಹಿಂದಿಂದ ಬರ್ತೈತಿ," ಎಂದರು ಮಾವ.

"ಎಷ್ಟ್ ಒತ್ತಿದ್ರೂ ಬಿಡವಲ್ದು, ಮಾಮಾ."

ಮಾವ ನನ್ನತ್ತ ತಿರುಗಿದರು. "ಮೇಡಂ, ನೀವಾದ್ರೂ ಅದಕ್ಕ ಸ್ವಲ್ಪ ತಿಳಿಸಿ ಹೇಳ್ರಿ."

"ಅದಕ್ಕೆ ಮಾವಂದಿರಿಲ್ಲ ಸಾರ್," ಎಂದೆ.

ಅವರು ಸಿಡುಕುತ್ತ ಲ್ಯಾಬಿಗೆ ನಡೆದರು. ಶಿವಣ್ಣ ಚಹಾ ತರಿಸಿ ಮೆಲ್ಲಗೆ ಅಂದರು: "ಭಾಳ ಚಲೋ ಐತ್ರಿ ಇದು. ಇಷ್ಟ್ ವರ್ಷ ನನ್ನ ಬಾಯಾಗ ಬರದಿದ್ದ ಮಾತು ಆಡಾಕತ್ತೈತಿ."

ಇಂಥ ವ್ಯವಸ್ಥೆಗಳಿಂದ ವ್ಯಾಪಾರಕ್ಕೆ ವೇಗ ಬರುತ್ತದೆಂದು ಹೋದಲ್ಲೆಲ್ಲ ಭಾಷಣ ಬಿಗಿಯುತ್ತಿದ್ದೆ. ತಡೆದು ನಿಲ್ಲಿಸುವುದೇ ಅವುಗಳ ಹೆಚ್ಚುಗಾರಿಕೆ ಎಂದು ಅವತ್ತು ತಿಳಿಯಿತು.

ಅಲ್ಲಿಂದೀಚೆಗೆ ನೆಂಟರು ನನಗೊಂದು ಗಂಡು ಗೊತ್ತುಮಾಡಿಕೊಂಡು ಬಂದರೆ ನಾನೂ ಶಿವಣ್ಣನಂತೆ ಅಷ್ಟೇ ಹೇಳುತ್ತೇನೆ: "ಸಿಸ್ಟಂ ಬಿಡ್ತಿಲ್ಲ."