ಪಾಸ್‌ಪೋರ್ಟಿನ ಜಡೆ, ಕಮಲಾಪುರದ ಜಾವಳ

ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಓದಿದಾಗ ಅಂಟಿಕೊಂಡ ಚಟ ಅದು, ಇನ್ನೂ ಬಿಟ್ಟಿಲ್ಲ. ಆದರೆ ನಾವು ಮೂವರು ಸಿಂಗಾಪುರಕ್ಕೆ ಹೊರಟದ್ದು ನನ್ನ ಹೆಂಡತಿಯ ಹಟದಿಂದ ಎಂಬುದರಲ್ಲಿ ಅನುಮಾನವಿಲ್ಲ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಆಕೆ ಕಲಬುರಗಿಯ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಭೂಗೋಳ ಕಲಿಸುತ್ತಿದ್ದಳು. ಬಂದರು, ಜಲಸಂಧಿ, ಹಡಗಿನ ದಾರಿ ಎಲ್ಲವನ್ನೂ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬಿಡಿಸುತ್ತಿದ್ದಳು. ಒಂದು ಬಂದರನ್ನೂ ಕಣ್ಣಾರೆ ಕಂಡಿರಲಿಲ್ಲ. ಒಮ್ಮೆ ತರಗತಿಯಲ್ಲಿ ಒಬ್ಬ ಹುಡುಗಿ ಎದ್ದು ನಿಂತು, ನೀವು ನೋಡಿದ್ದೀರಾ ಮೇಡಂ ಎಂದು ಕೇಳಿದಳಂತೆ. ಅಂದು ಸಂಜೆ ಮನೆಗೆ ಬಂದವಳೇ ಹೋಗುವುದೆಂದು ನಿಶ್ಚಯಿಸಿದಳು. ಮಗಳನ್ನು ಬಿಟ್ಟು ಹೋಗುವುದಿಲ್ಲ ಎಂಬುದೂ ಅದೇ ಮಾತಿನಲ್ಲಿ ಸೇರಿತ್ತು. ಮಗಳಿಗೆ ಆಗ ನಾಲ್ಕು ತುಂಬಿತ್ತು.

ಮೋಮಿನಪುರದ ಅಂಚಿನಲ್ಲಿದ್ದ ನಮ್ಮ ಬಾಡಿಗೆ ಮನೆಯ ನೆಲದ ಮೇಲೆ ಸಿಂಗಾಪುರದ ನಕಾಶೆ ಹರಡಿತು. ನಾನು ಬೆಳಿಗ್ಗೆ ಒಂದು ವಸ್ತುಸಂಗ್ರಹಾಲಯ, ಮಧ್ಯಾಹ್ನ ಇನ್ನೊಂದು, ಸಂಜೆಗೆ ಹಳೆಯ ಪೇಟೆ ಎಂದು ಯೋಜನೆ ಹಾಕಿದೆ. ಆಕೆ ಅದನ್ನು ಓದಿ, ಇದರಲ್ಲಿ ಮಗು ಎಲ್ಲಿ ಮಲಗುತ್ತದೆ ಎಂದು ಕೇಳಿದಳು. ಮುಂದಿನ ಭಾನುವಾರ ಆಕೆ ಮಗಳನ್ನು ಶಹಾಬಜಾರದ ಓಣಿಗಳಲ್ಲಿ ನಡೆಸಿಕೊಂಡು ಹೋದಳು, ಅದರ ಮುಂದಿನ ವಾರ ಸ್ಟೇಶನ್ ಬಜಾರದವರೆಗೆ. ಎತ್ತಿಕೊಳ್ಳಬಾರದು, ನಾಲ್ಕು ವರ್ಷದ ಕಾಲು ಎಲ್ಲಿಯವರೆಗೆ ನಡೆಯುತ್ತದೆ ನೋಡಬೇಕು ಎಂಬುದು ಪರೀಕ್ಷೆ. ಗೊತ್ತಾದದ್ದು ವಿಚಿತ್ರವಾಗಿತ್ತು. ಅಂಗಡಿ, ಜನ, ಗದ್ದಲ ಇದ್ದಲ್ಲಿ ಮಗಳು ದಣಿಯದೆ ನಡೆದಳು. ಅಗಲವಾದ ಖಾಲಿ ರಸ್ತೆ ಬಂದ ಕೂಡಲೇ ನೆಲಕ್ಕೆ ಕೂತಳು. ಆಗ ಆಕೆ ನನ್ನ ವಸ್ತುಸಂಗ್ರಹಾಲಯಗಳನ್ನೆಲ್ಲ ಹೊಡೆದು ಹಾಕಿ, ಪೇಟೆಯ ನಡುವೆಯೇ ಒಂದು ಸಣ್ಣ ಲಾಡ್ಜು, ಬೆಳಿಗ್ಗೆ ಒಂದೇ ಜಾಗ, ಮಧ್ಯಾಹ್ನ ನಿದ್ದೆ ಎಂದು ಹೊಸದಾಗಿ ಬರೆದಳು. ಬಂದರು ಮಾತ್ರ ಎರಡು ಸಲ ಇತ್ತು.

ಪಾಸ್‌ಪೋರ್ಟು ಬಂತು. ಹೈದರಾಬಾದಿನ ಏಜೆಂಟನ ಮೂಲಕ ವೀಸಾ ಆಯಿತು, ಟಿಕೆಟ್ಟೂ ಆಯಿತು. ಎಲ್ಲದರಲ್ಲೂ ಮಗಳ ಒಂದೇ ಫೋಟೋ: ಎರಡು ಜಡೆ, ಕೆಂಪು ರಿಬ್ಬನ್ನು, ಕಿವಿಯಲ್ಲಿ ಪುಟ್ಟ ಝುಮಕಿ, ಫ್ಲ್ಯಾಶಿಗೆ ಬೆಚ್ಚಿದ ಕಣ್ಣು.

ಉಳಿದದ್ದು ಅತ್ತೆಯವರ ಒಪ್ಪಿಗೆ. ಅವರು ಕಮಲಾಪುರದಲ್ಲಿದ್ದರು, ಮಗನ ಜೊತೆ. ಸುದ್ದಿ ಕೇಳಿ ಬೇಡವೆನ್ನಲಿಲ್ಲ. ಒಂದೇ ಒಂದು ಮಾತು ಹೇಳಿದರು: ಮಗುವಿನ ಜಾವಳ ಇನ್ನೂ ಆಗಿಲ್ಲ, ಹುಟ್ಟುಗೂದಲು ಹೊತ್ತುಕೊಂಡು ಸಮುದ್ರ ದಾಟಿಸಬಾರದು. ಜಾವಳ ಉಳಿದದ್ದಕ್ಕೆ ಕಾರಣವಿತ್ತು. ನಮ್ಮಲ್ಲಿ ಮೊದಲ ಕೂದಲು ತೆಗೆಯುವಾಗ ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು, ಮೊದಲ ಕತ್ತರಿ ಅವನೇ ಹಾಕಬೇಕು. ನನ್ನ ಹೆಂಡತಿಯ ತಮ್ಮ ಕೆಲಸದ ಮೇಲೆ ವರ್ಷಗಟ್ಟಲೆ ಬೇರೆ ಊರಿನಲ್ಲಿದ್ದು, ಆಗಷ್ಟೇ ವರ್ಗವಾಗಿ ಬಂದಿದ್ದ. ದೇವರಲ್ಲಿ ನನಗೆ ನಂಬಿಕೆ ಇಲ್ಲ, ಅತ್ತೆಯವರ ಸಂತೋಷದಲ್ಲಿ ಇತ್ತು. ಹಾಗಾಗಿ ನಾನೂ ಹೂಂ ಎಂದೆ.

ಕಮಲಾಪುರದ ಮನೆದೇವರ ಗುಡಿಯ ಅಂಗಳದಲ್ಲಿ ಬೆಳಿಗ್ಗೆಯೇ ಕಾರ್ಯ ಮುಗಿಯಿತು. ಮಗಳು ಅಳುತ್ತಾಳೆಂದು ಅತ್ತೆಯವರು ಕೆಂಪು ಬಾಳೆಹಣ್ಣು ಸುಲಿದು ಹಿಡಿದು ನಿಂತಿದ್ದರು. ಅವಳು ಅಳಲಿಲ್ಲ, ಮಾವನ ತೊಡೆಯ ಮೇಲೆ ಕೂತು ಹಣ್ಣು ತಿನ್ನುತ್ತ, ಕೂದಲು ಉದುರುವುದನ್ನು ಬೇರೆ ಯಾರದೋ ಎಂಬಂತೆ ನೋಡಿದಳು. ಬೋಳುತಲೆಗೆ ಗಂಧ ಹಚ್ಚಿ, ಸೋದರಮಾವ ತಂದ ಹೊಸ ಚಡ್ಡಿ ಅಂಗಿ ತೊಡಿಸಿದರು. ಊಟಕ್ಕೆ ಕೂತಾಗ ಅವನೇ ತಮಾಷೆ ಮಾಡಿದ.

“ಅಕ್ಕಾ, ಈಗ ಇಕಿ ಪಾಸ್‌ಪೋರ್ಟ್ ನೋಡಿದ್ರ ಏರ್‌ಪೋರ್ಟಿನವರು ಏನಂತಾರ? ಯಾವುದೋ ಹುಡುಗಿ ಪಾಸ್‌ಪೋರ್ಟ್ ಹಿಡ್ಕೊಂಡು ಹುಡುಗ ಬಂದಾನ ಅಂತಾರ.”

ಎಲ್ಲರೂ ನಕ್ಕೆವು. ಆಮೇಲೆ ಒಬ್ಬೊಬ್ಬರಾಗಿ ನಗು ನಿಲ್ಲಿಸಿದೆವು. ಅಲ್ಲಿ ಭೂಗೋಳ ಓದಿದವಳಿದ್ದಳು, ತರ್ಕ ಓದಿದವನಿದ್ದೆ, ಸರಕಾರಿ ನೌಕರನೊಬ್ಬನಿದ್ದ. ಕೂದಲು ದೇವರ ವಿಷಯ, ಫೋಟೋ ಸರಕಾರದ ವಿಷಯ ಎಂದು ನಾವೆಲ್ಲ ಬೇರೆಬೇರೆಯಾಗಿಯೇ ಇಟ್ಟಿದ್ದೆವು. ಎರಡೂ ಒಂದೇ ತಲೆಗೆ ಸೇರಿದವು ಎಂದು ಯಾರಿಗೂ ಹೊಳೆದಿರಲಿಲ್ಲ.

ನಾನು ಅಲ್ಲಿಂದಲೇ ಎಸ್‌ಟಿಡಿ ಬೂತಿಗೆ ಹೋಗಿ ಏಜೆಂಟನಿಗೆ ಫೋನು ಹಚ್ಚಿದೆ. ಬಿಡಲೂಬಹುದು, ಬಿಡದೆಯೂ ಇರಬಹುದು, ಎದುರಿಗೆ ಕೂತವರ ಮನಸ್ಸು ಎಂದ. ಹೊಸ ಪಾಸ್‌ಪೋರ್ಟಿಗೆ ಸಮಯವಿರಲಿಲ್ಲ. ಮರಳಿ ಬಂದವನು ಅಂಗಳದಲ್ಲಿ ಅತ್ತಿಂದಿತ್ತ ಓಡಾಡುತ್ತ ದಾರಿಗಳನ್ನು ಹೇಳಿದೆ: ಪ್ರವಾಸ ಮುಂದೆ ಹಾಕುವುದು, ನಾಟಕ ಕಂಪನಿಯವರ ಹತ್ತಿರ ಚೌರಿ ಕೇಳುವುದು, ಯಾರಿಂದಾದರೂ ಪತ್ರ ಬರೆಸುವುದು. ಚೌರಿ ಎಂದದ್ದಕ್ಕೆ ಹೆಂಡತಿಯ ತಮ್ಮ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಅತ್ತೆಯವರು ಮೆಲ್ಲಗೆ ಹೇಳಿದರು, “ಮಗೀನ ನನ್ನ ಹತ್ರ ಬಿಟ್ಟು ಹೋಗಿ ಬರ್ರಿ. ನಾ ಇಲ್ಲೇನ್ರಿ?”

ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನನಗೂ ಅದೇ ಸರಿಯೆನಿಸಿತ್ತು, ಬಾಯಿಬಿಟ್ಟು ಅಂದಿರಲಿಲ್ಲ ಅಷ್ಟೆ. ಹೆಂಡತಿ ಮಗಳ ತಲೆಯ ಮೇಲೆ ಕೈಯಾಡಿಸುತ್ತ ಅಂದಳು:

“ಅವ್ವಾ, ಕೂದಲ ಕೇಳಿದಿ, ಕೊಟ್ಟೀನಿ. ಮಗಳನ್ನ ಕೇಳಬ್ಯಾಡ.”

ಹೀಗೆಂದಳೆಂದು ನನ್ನ ನೆನಪು. ತಾನು ಅಷ್ಟು ಚೆಂದ ಮಾತಾಡಿಯೇ ಇಲ್ಲ, ಬರೇ ಆಗೂದಿಲ್ಲ ಅಂದಿದ್ದೆ ಎಂದು ಆಕೆ ಈಗ ಹೇಳುತ್ತಾಳೆ. ಇರಬಹುದು. ಏನೇ ಅಂದಿರಲಿ, ಅತ್ತೆಯವರು ಎದ್ದು ಒಳಗೆ ಹೋದರು. ಸಿಟ್ಟಾದರೆಂದು ನಾನು ತಿಳಿದೆ. ಅವರು ತಂದದ್ದು ತಲೆ ಬೋಳಿಸುವ ಮುಂಚೆ ಬಿಚ್ಚಿಟ್ಟಿದ್ದ ಝುಮಕಿ. ಮೊಮ್ಮಗಳ ಕಿವಿಗೆ ಹಾಕುತ್ತ, ಫೋಟೋದಾಗ ಇದ್ದದ್ದು ಇಷ್ಟರೆ ಇರಲಿ ಎಂದರು.

ಆಮೇಲಿನ ದಿನಗಳೆಲ್ಲ ತಾಲೀಮು. ಟೊಪ್ಪಿಗೆ ಹಾಕುವುದಿಲ್ಲ, ಸ್ಕಾರ್ಫ್ ಕಟ್ಟುವುದಿಲ್ಲ, ಮುಚ್ಚಿದಷ್ಟೂ ಅನುಮಾನ ಹೆಚ್ಚು ಎಂದು ಹೆಂಡತಿ ತೀರ್ಮಾನಿಸಿದ್ದಳು. ಮಗಳು ತಲೆಯೆತ್ತಿ ನೇರ ನೋಡಬೇಕು, ಹೆಸರು ಕೇಳಿದರೆ ಇಂಗ್ಲಿಷಿನಲ್ಲಿ ಹೇಳಬೇಕು. ಸೋದರಮಾವ ರಜೆಯ ದಿನ ಕಲಬುರಗಿಗೆ ಬಂದು, ಕುರ್ಚಿಯ ಮೇಲೆ ಕೂತು, ಚಷ್ಮಾ ಮೂಗಿನ ತುದಿಗೆ ಇಳಿಸಿ ಅಧಿಕಾರಿಯಾಗುತ್ತಿದ್ದ.

“ಏ ಹುಡುಗಾ, ಯಾರ ಪಾಸ್‌ಪೋರ್ಟ್ ಕದ್ದು ತಂದಿ?”

“ಹುಡುಗ ನೀನು ಮಾಮಾ. ನಾ ಹುಡುಗಿ,” ಎನ್ನುತ್ತಿದ್ದಳು ಮಗಳು. ಮೈ ನೇಮ್ ಈಸ್ ಎಂಬುದು ಮಾತ್ರ ಮರೆತೇ ಹೋಗುತ್ತಿತ್ತು.

ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ನಮ್ಮ ಸರದಿ ಬಂತು. ಕೌಂಟರು ಎತ್ತರದಲ್ಲಿತ್ತು, ಮಗಳು ಕಾಣುತ್ತಿರಲಿಲ್ಲ. ಹೆಂಡತಿ ಎತ್ತಿ ಹಿಡಿದಳು. ಅಧಿಕಾರಿ ಫೋಟೋ ನೋಡಿದ, ತಲೆ ನೋಡಿದ, ಮತ್ತೆ ಫೋಟೋ ನೋಡಿದ. ನಾನು ಜಾವಳ ಎಂಬುದಕ್ಕೆ ಇಂಗ್ಲಿಷ್ ಮಾತು ಹುಡುಕುತ್ತಿದ್ದೆ. ಅಷ್ಟರಲ್ಲಿ ಆತ ಪಾಸ್‌ಪೋರ್ಟನ್ನು ಮಗಳ ಕಡೆ ತಿರುಗಿಸಿ ಕೇಳಿದ, “ಯೇ ಕೌನ್ ಹೈ, ಬೇಟಾ?”

ಮಗಳು ಬಗ್ಗಿ ಫೋಟೋ ನೋಡಿ ಹೇಳಿದಳು, “ಮೈಚ್ ಹೂಂ. ಬಾಲಾಂ ದೇವ್ ಕೂ ದಿಯೇ. ಫಿರ್ ಆತೇ.”

ಅಂದರೆ, ಇದು ನಾನೇ, ಕೂದಲು ದೇವರಿಗೆ ಕೊಟ್ಟೀವಿ, ಮತ್ತ ಬರ್ತಾವ ಎಂದು. ಇಂಗ್ಲಿಷ್ ನಾವು ಕಲಿಸಿದ್ದೆವು, ಕನ್ನಡ ಮನೆಯದು. ಈ ದಖನಿ ಉರ್ದುವನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ನಮ್ಮ ಓಣಿಯ ಮಕ್ಕಳ ಜೊತೆ ಮಣ್ಣಿನಲ್ಲಿ ಆಡುತ್ತ ಅವಳೇ ಕಲಿತದ್ದು. ಆತ ಮುದ್ರೆ ಒತ್ತಿದ.

ಅಧಿಕಾರಿ ನಕ್ಕನೆಂದು ನನಗೆ ನೆನಪು. ನಗಲಿಲ್ಲ, ಹಿಂದಿನವರನ್ನು ಕರೆದ ಅಷ್ಟೆ ಎಂದು ಹೆಂಡತಿ. ಆತ ಮುದ್ರೆ ಮೊದಲೇ ಒತ್ತಿ ಆಮೇಲೆ ಸುಮ್ಮನೆ ಕೇಳಿದ್ದ; ಮಗಳಿಂದಲೇ ನಾವು ಪಾರಾದೆವು ಅನ್ನುವುದು ನೀವು ಕಟ್ಟಿಕೊಂಡ ಕಥೆ ಎಂದೂ ಹೇಳುತ್ತಾಳೆ. ಮಗಳನ್ನು ಕೇಳಿದರೆ ಅವಳಿಗೆ ಏನೂ ನೆನಪಿಲ್ಲ. ಸಾಕ್ಷಿಗಳು ಮೂವರು, ಹೇಳಿಕೆಗಳು ಮೂರು. ಬೇರೆಯವರ ವಿಷಯವಾಗಿದ್ದರೆ ನಾನೇ ತಳ್ಳಿಹಾಕುತ್ತಿದ್ದೆ. ಇದನ್ನು ಮಾತ್ರ ತಳ್ಳಿಹಾಕಲು ಮನಸ್ಸಿಲ್ಲ. ಮುದ್ರೆ ಬಿದ್ದ ಮೇಲೆ ಮಗಳು ಅವ್ವನ ಕೈ ಬಿಡಿಸಿಕೊಂಡು ಕೆಳಗಿಳಿದಳು. ಜನದ ಗದ್ದಲವಿತ್ತು, ಅವಳಿಗೆ ಬೇಕಾದದ್ದೇ ಅದು. ನಾವು ಚೀಲ ಎತ್ತಿಕೊಳ್ಳುವುದರೊಳಗೆ ಬೋಳುತಲೆ ಎತ್ತಿಕೊಂಡು ಮುಂದೆ ಮುಂದೆ ನಡೆದುಬಿಟ್ಟಿದ್ದಳು, ಅವಳ ಹಿಂದೆ ನಾವಿಬ್ಬರೂ ಓಡಬೇಕಾಯಿತು.