ಹೆಸರು ಹೇಳಲಿಚ್ಛಿಸದ ಕಾರ್ಮಿಕೆ

ಕೆಲಸಕ್ಕೆ ಸೇರಿದ ದಿನ ಸಂಪಾದಕರು ಹೊಸಬರನ್ನೆಲ್ಲ ಕೂರಿಸಿಕೊಂಡು, ಯಾರಿಗೆ ಯಾವುದರಲ್ಲಿ ಆಸಕ್ತಿ ಎಂದು ಕೇಳಿದ್ದರು. ಒಬ್ಬನಿಗೆ ರಾಜಕೀಯ, ಇನ್ನೊಬ್ಬನಿಗೆ ಸಿನಿಮಾ. ಇವಳು ಮಾತ್ರ, ದುಡಿಯುವ ಹೆಂಗಸರಿಗೆ ಶೌಚಾಲಯ ಎಷ್ಟು ದೂರವಿರುತ್ತದೆ ಎನ್ನುವುದರಲ್ಲಿ ಎಂದಳು. ಅಂದಿನಿಂದ ಕಚೇರಿಯಲ್ಲಿ ಅವಳಿಗೆ 'ಪಾಯಿಖಾನೆ ಪತ್ರಕರ್ತೆ' ಎಂದು ಹೆಸರು ಬಿತ್ತು. ನಗುವವರು ನಗಲಿ ಬಿಡಿ, ಅವಳು ತಮಾಷೆಗೆ ಹೇಳಿದ್ದಲ್ಲ. ಅವಳಮ್ಮ ಇಪ್ಪತ್ತೆರಡು ವರ್ಷದಿಂದ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದಳು. ಬೆಳಿಗ್ಗೆ ನೀರು ಕುಡಿಯದೆ ಹೊರಡುವುದು ಅವಳ ರೂಢಿ. ಬಾಡಿಗೆ ಮನೆ, ಮಗಳ ಓದು, ಎಲ್ಲ ನಡೆದದ್ದು ಆ ಕಾಲರುಗಳಿಂದಲೇ.

ಅಮ್ಮನ ಬಾಯಿ ಬಲು ಜೋರು. ಮೇಲ್ವಿಚಾರಕನಿಗೆ ಅವಳಿಟ್ಟ ಹೆಸರು 'ಗಡಿಯಾರಕ್ಕೆ ಹುಟ್ಟಿದವನು'. ಅದನ್ನು ಕೇಳಿ ಹೊಲಿಗೆ ಯಂತ್ರಗಳ ಇಡೀ ಸಾಲು ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿತ್ತು.

ಮಗಳ ಮೊದಲ ದೊಡ್ಡ ವರದಿಗೆ ಅಮ್ಮನೇ ಮಾಹಿತಿ ಕೊಟ್ಟಳು. ಯಾರೆಂದು ಗೊತ್ತಾದರೆ ಕೆಲಸ ಹೋಗುತ್ತದೆ ಎನ್ನುವುದು ಇಬ್ಬರಿಗೂ ತಿಳಿದಿತ್ತು. ಮಗಳು ವಯಸ್ಸು ಹಾಕಲಿಲ್ಲ, ವಿಭಾಗ ಹಾಕಲಿಲ್ಲ, 'ಹೆಸರು ಹೇಳಲಿಚ್ಛಿಸದ ಕಾರ್ಮಿಕೆ' ಎಂದಷ್ಟೇ ಬರೆದಳು. ಮಾತನ್ನು ಮಾತ್ರ ಚಾಚೂ ತಪ್ಪದೆ ಇಳಿಸಿದಳು: "ಆ ಗಡಿಯಾರಕ್ಕೆ ಹುಟ್ಟಿದವನು ಐದು ನಿಮಿಷ ಕೊಡ್ತಾನೆ. ಹೋಗಿ ಬರೋಕೇ ಆರು ನಿಮಿಷ ಬೇಕು." ಜೀವ ಇರುವ ಮಾತು ಎಂದು ಸಂಪಾದಕರು ಅದನ್ನೇ ದಪ್ಪಕ್ಷರದಲ್ಲಿ ಹಾಕಿಸಿದರು. ಅವಳಿಗೆ ಹೆಮ್ಮೆಯೂ ಆಗಿತ್ತು, ಬುದ್ಧಿಗೇಡಿಗೆ.

ಪತ್ರಿಕೆ ಬಂದ ದಿನ ಮಧ್ಯಾಹ್ನಕ್ಕೇ ಅಮ್ಮ ಮನೆಯಲ್ಲಿದ್ದಳು. ಕೆಲಸ ಹೋಗಿತ್ತು. ಮೇಲ್ವಿಚಾರಕನಿಗೆ ಹೆಸರು ಹುಡುಕುವ ಕಷ್ಟವೇ ಬೀಳಲಿಲ್ಲ. ಓದುವಾಗಲೇ ಅವಳ ದನಿ ಕೇಳಿಸಿತಂತೆ. ಮಗಳಿಗೆ ಅಳು ಬರಲಿಲ್ಲ. ಏನೂ ಬರಲಿಲ್ಲ. ಅಮ್ಮ ಬೈಯಲೂ ಇಲ್ಲ, ಕಾಲು ಚಾಚಿ ಗೋಡೆಗೊರಗಿ ಕೂತಳು.

ಮರುದಿನ ಸಂಪಾದಕರು, ಆ ಕಾರ್ಖಾನೆಯಿಂದ ಯಾರನ್ನೋ ತೆಗೆದಿದ್ದಾರಂತೆ, ಪ್ರತಿಕ್ರಿಯೆ ತೆಗೆದುಕೊಂಡು ಬಾ ಎಂದರು. ಅದು ತನ್ನಮ್ಮ ಎನ್ನದೆ ಅವಳು ಆಗಲಿ ಎಂದಳು. ಮನೆಗೆ ಬಂದು, ನಿನಗೆ ಬೇಡವೆಂದರೆ ಬೇಡ ಎಂದು ಅಮ್ಮನಿಗೆ ಹೇಳುತ್ತಲೇ ಟಿಪ್ಪಣಿ ಪುಸ್ತಕ ಬಿಚ್ಚಿದಳು.

ಅಮ್ಮ ನೆಟ್ಟಗೆ ಕೂತು, ಪಾಠ ಒಪ್ಪಿಸುವ ಮಕ್ಕಳ ಹಾಗೆ ಬಿಡಿಸಿ ಬಿಡಿಸಿ ಹೇಳಿದಳು: "ಕಾರ್ಮಿಕರಿಗೆ ಅನ್ಯಾಯವಾಗಿದೆ. ಸಂಬಂಧಪಟ್ಟವರು ಸೂಕ್ತ ಕ್ರಮ ಕೈಗೊಳ್ಳಬೇಕು."

ಮಗಳು ಬರೆದುಕೊಂಡಳು.

"ಇದ್ರಲ್ಲಿ ನಾನು ಅಂತ ಗೊತ್ತಾಗಲ್ಲ ತಾನೆ?" ಎಂದಳು ಅಮ್ಮ. "ಬೇರೆ ಕಡೆ ಕೆಲಸ ಕೇಳಿದೀನಿ."

"ಗೊತ್ತಾಗಲ್ಲಮ್ಮ."

ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ.